ಡೂಮ್ ಮ್ಯಾಪ್ ಕಟ್ಟುವವರ ಕಸುಬು

ಕಂಪ್ಯೂಟರ್ ಆಟಗಳನ್ನು ಬಿಚ್ಚಿ, ತಮಗೆ ಬೇಕಾದ ಹಾಗೆ ತಿದ್ದಿ, ಹೊಸ ಮ್ಯಾಪ್, ಹೊಸ ರಕ್ಕಸ, ಹೊಸ ಆಯುಧ ಸೇರಿಸಿ ಹಂಚುವ ಮಾಡರ್‌ಗಳ ಬಳಗದಲ್ಲಿ ಒಂದು ದೂರು ಬಹಳ ಹಳೆಯದು. ಮೊದಲಿನವರಿಗೆ ಆಟದ ಒಡಲು ಗೊತ್ತಿತ್ತು, ಈಗಿನವರಿಗೆ ಸಾಧನದ ಗುಂಡಿ ಮಾತ್ರ ಗೊತ್ತು. ಕೆಲಸ ಸಲೀಸಾದಷ್ಟೂ ಕೈ ಜಡವಾಯಿತು ಎಂಬುದು ಅದರ ಸಾರ. ಕಷ್ಟಪಟ್ಟು ಕಲಿತವರು ಆಡುವ ಮಾತು ಇದು, ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಇದನ್ನು ತೂಗಿ ನೋಡಬೇಕಾದರೆ ಒಂದೇ ಆಟದ ಮೇಲೆ, ಒಂದೇ ಬಗೆಯ ಕಡತಗಳ ಮೇಲೆ, ದಶಕಗಟ್ಟಲೆ ಎಡೆಬಿಡದೆ ಕೆಲಸ ಮಾಡಿದ ಬಳಗವೊಂದು ಬೇಕು. ಹೆಚ್ಚಿನ ಆಟಗಳು ಅಷ್ಟು ಕಾಲ ಬಾಳುವುದೇ ಇಲ್ಲ. ಡೂಮ್ ಬಾಳಿದೆ. ಅಮೆರಿಕದ ಟೆಕ್ಸಸ್‌ನಲ್ಲಿದ್ದ ಇಡ್ ಸಾಫ್ಟ್‌ವೇರ್ ಕಂಪನಿ 1993ರ ಡಿಸೆಂಬರ್ 10ರಂದು ಹೊರತಂದ ಈ ಆಟಕ್ಕೆ ಇಂದಿಗೂ ಹೊಸ ಮ್ಯಾಪ್‌ಗಳು ಬರುತ್ತಲೇ ಇವೆ. ಸಾಧನಗಳು ಅತಿ ಕಷ್ಟದ ಸ್ಥಿತಿಯಿಂದ ಅತಿ ಸಲೀಸಿನ ಸ್ಥಿತಿಗೆ ಬಂದ ಇಡೀ ದಾರಿ ಅಲ್ಲಿ ದಾಖಲಾಗಿದೆ. ಆ ದಾರಿಯನ್ನು ಹಿಂಬಾಲಿಸಿದರೆ ನನಗೆ ಕಾಣುವುದು ಇಷ್ಟು: ಸಾಧನ ಸಲೀಸಾದದ್ದರಿಂದ ಕಸುಬು ಕೆಡಲಿಲ್ಲ. ಸಾಧನದ ಒಳಗನ್ನು ಮುಚ್ಚಿಟ್ಟಲ್ಲಿ ಮಾತ್ರ ಕೆಟ್ಟಿದೆ.

ಶುರುವಿನ ಕತೆ ಡೂಮ್‌ಗಿಂತ ಸ್ವಲ್ಪ ಹಿಂದಿನದು. ಇದೇ ಕಂಪನಿ 1992ರಲ್ಲಿ ವುಲ್ಫನ್‌ಸ್ಟೈನ್ 3ಡಿ ಎಂಬ ಆಟ ತಂದಾಗ, ಯಾರೂ ಹೇಳಿಕೊಡದೆಯೇ ಆಟಗಾರರು ಅದರ ಕಡತಗಳ ರಚನೆಯನ್ನು ಊಹಿಸಿ ತಮ್ಮ ಮ್ಯಾಪ್‌ಗಳನ್ನು ತೂರಿಸಿದರು. ಹಾಗೆ ಮಾಡುವಾಗ ಮೂಲ ಕಡತದ ಮೇಲೆಯೇ ಬರೆಯಬೇಕಾಗುತ್ತಿತ್ತು, ತಪ್ಪಿದರೆ ಆಟವೇ ಹಾಳು. ಇದನ್ನು ಗಮನಿಸಿದ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಡೂಮ್ ಬರೆಯುವಾಗ ಆಟ ಓಡಿಸುವ ಎಂಜಿನ್ ಒಂದು ಕಡೆ, ಚಿತ್ರ-ಸದ್ದು-ಮ್ಯಾಪ್‌ಗಳೆಲ್ಲ ವ್ಯಾಡ್ ಎಂಬ ಪ್ರತ್ಯೇಕ ಕಡತದಲ್ಲಿ ಎಂದು ಬೇರ್ಪಡಿಸಿದರು. ಹೊರಗಿನವರು ಮಾಡಿದ ಚಿಕ್ಕ ವ್ಯಾಡ್ ಅನ್ನು ಮೂಲದ ಮೇಲೆ ಹೊದಿಸಿ ಆಡಬಹುದಾಯಿತು, ಮೂಲಕ್ಕೆ ಧಕ್ಕೆಯಿಲ್ಲ. ಆದರೆ ಕಂಪನಿಯವರು ಮ್ಯಾಪ್ ಕಟ್ಟಲು ಬಳಸುತ್ತಿದ್ದ ಡೂಮ್‌ಎಡ್ ಓಡುತ್ತಿದ್ದುದು ದುಬಾರಿ ನೆಕ್ಸ್ಟ್ ಕಂಪ್ಯೂಟರ್‌ಗಳಲ್ಲಿ. ಡಾಸ್ ಇಟ್ಟುಕೊಂಡ ಆಟಗಾರನಿಗೆ ಅದರಿಂದ ಪ್ರಯೋಜನವಿರಲಿಲ್ಲ. ಆಟ ಬಂದ ಎರಡು ತಿಂಗಳೊಳಗೆ ನ್ಯೂಜಿಲೆಂಡಿನ ಬ್ರೆಂಡನ್ ವೈಬರ್ ಮತ್ತು ಬೆಲ್ಜಿಯಂನ ರಫಾಯೆಲ್ ಕೀನೆ ಇಂಟರ್ನೆಟ್ ಮೂಲಕವೇ ಕೂಡಿ ಡಿಇಯು ಎಂಬ ಎಡಿಟರ್ ಹೊರತಂದರು. ಮ್ಯಾಟ್ ಫೆಲ್ ಎಂಬವರು ವ್ಯಾಡ್ ಕಡತದ ಒಂದೊಂದು ಬೈಟ್ ಏನು ಹೇಳುತ್ತದೆ ಎಂದು ವಿವರಿಸಿ ಅನಧಿಕೃತ ಕೈಪಿಡಿ ಬರೆದು ಹಂಚಿದರು. ಎಡಿಟರ್‌ನಷ್ಟೇ ಈ ಕೈಪಿಡಿಯೂ ಮುಖ್ಯ; ಅದರ ಮಾತು ಮುಂದೆ ಮತ್ತೆ ಬರುತ್ತದೆ.

ಆ ಕಾಲದ ಕೆಲಸ ಹೇಗಿತ್ತೆಂದು ಹತ್ತಿರದಿಂದ ನೋಡೋಣ. ಡೂಮ್‌ನ ಮ್ಯಾಪ್ ಎಂದರೆ ಮೇಲಿನಿಂದ ನೋಡಿದ ಗೆರೆಗಳ ನಕ್ಷೆ. ಗೆರೆಗೆ ಒಂದು ಇಲ್ಲವೇ ಎರಡು ಬದಿ. ಪ್ರತಿ ಬದಿಯೂ ಸೆಕ್ಟರ್ ಎಂಬ ಯಾವುದಾದರೊಂದು ಆವರಣಕ್ಕೆ ಸೇರಬೇಕು. ಸೆಕ್ಟರ್‌ಗೆ ನೆಲದ ಎತ್ತರ, ಚಾವಣಿಯ ಎತ್ತರ, ಬೆಳಕು. ಹಳೆಯ ಎಡಿಟರ್‌ಗಳಲ್ಲಿ ಯಾವ ಬದಿ ಯಾವ ಸೆಕ್ಟರ್‌ನದು ಎಂಬ ಲೆಕ್ಕವನ್ನು ಬಹುಮಟ್ಟಿಗೆ ಮ್ಯಾಪ್ ಕಟ್ಟುವವನೇ ಇಟ್ಟುಕೊಳ್ಳಬೇಕಿತ್ತು. ಒಂದು ಬದಿಗೆ ಗೋಡೆಯ ಚಿತ್ರ ಹಾಕಲು ಮರೆತರೆ ಆಟದಲ್ಲಿ ಆ ಜಾಗ ಕನ್ನಡಿಮನೆಯಂತೆ ಹಿಂದಿನ ದೃಶ್ಯಗಳನ್ನೆಲ್ಲ ಮೆತ್ತಿಕೊಂಡು ಅಲುಗುತ್ತಿತ್ತು. ಇಷ್ಟೆಲ್ಲ ಸರಿಯಾದ ಮೇಲೆ ನೋಡ್ ಕಟ್ಟಬೇಕು. ಎಂದರೆ ಇಡೀ ಮ್ಯಾಪನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಸೀಳಿ, ಯಾವುದು ಮುಂದೆ ಯಾವುದು ಹಿಂದೆ ಎಂದು ಎಂಜಿನ್‌ಗೆ ಹೇಳುವ ಮರವೊಂದನ್ನು ತಯಾರಿಸಬೇಕು. ಈ ಲೆಕ್ಕ ಬಿಡಿಸುವವರೆಗೆ, 1994ರ ಮೊದಲ ವಾರಗಳಲ್ಲಿ, ಇದ್ದ ಮ್ಯಾಪಿನಲ್ಲಿ ರಕ್ಕಸರನ್ನು ಅತ್ತಿತ್ತ ಸರಿಸುವುದಷ್ಟೇ ಸಾಧ್ಯವಿತ್ತು, ಹೊಸ ಗೋಡೆ ಏಳುತ್ತಿರಲಿಲ್ಲ. ಇದಲ್ಲದೆ ರಿಜೆಕ್ಟ್ ಎಂಬ ಕೋಷ್ಟಕ: ಯಾವ ಸೆಕ್ಟರ್‌ನಿಂದ ಯಾವ ಸೆಕ್ಟರ್ ಕಾಣುವುದಿಲ್ಲ ಎಂದು ಮೊದಲೇ ಬರೆದಿಟ್ಟರೆ ರಕ್ಕಸರ ಕಣ್ಣಳತೆಯ ಲೆಕ್ಕ ಹಗುರವಾಗುತ್ತಿತ್ತು. 300 ಸೆಕ್ಟರ್ ಇರುವ ಮ್ಯಾಪಿಗೆ 90,000 ಬಿಟ್‌ಗಳು, ಹನ್ನೊಂದು ಕಿಲೋಬೈಟ್‌ನಷ್ಟು. 386, 486 ಚಿಪ್‌ಗಳ ಕಾಲದಲ್ಲಿ ಈ ಉಳಿತಾಯಕ್ಕೆ ಬೆಲೆಯಿತ್ತು, ಇದಕ್ಕಾಗಿಯೇ ಬೇರೆ ಪ್ರೋಗ್ರಾಂ ಬರೆದವರಿದ್ದರು. ಇಂದು ಅನೇಕರು ಅದನ್ನು ಸೊನ್ನೆಗಳಿಂದ ತುಂಬಿ ಮುಂದೆ ಹೋಗುತ್ತಾರೆ, ಆಟಕ್ಕೆ ಏನೂ ಆಗುವುದಿಲ್ಲ. ಆ ಜ್ಞಾನ ಬಹುಪಾಲು ಮರೆತುಹೋಗಿದೆ ಎಂದು ಮರುಗುವ ಕಾರಣ ನನಗೆ ಕಾಣದು. ಅದನ್ನು ಹುಟ್ಟಿಸಿದ ಕೊರತೆಯೇ ಈಗ ಇಲ್ಲ.

ಹಾಗಾದರೆ ಆ ಕಷ್ಟದ ದಿನಗಳ ಬಳಗ ಹೆಚ್ಚು ಪಳಗಿತ್ತೇ? ಪಳಗಿದವರು ಇದ್ದರು, ಅನುಮಾನವಿಲ್ಲ. 1994ರ ನವೆಂಬರ್‌ನಲ್ಲಿ ಜಸ್ಟಿನ್ ಫಿಶರ್ ತಂದ ಏಲಿಯನ್ಸ್ ಟಿಸಿ ಇಡೀ ಡೂಮ್ ಅನ್ನು ಬೇರೆಯೇ ಆಟವಾಗಿ ಮಾರ್ಪಡಿಸಿತು. ಅದರ ಮೊದಲ ಮ್ಯಾಪಿನಲ್ಲಿ ಒಬ್ಬನೇ ಒಬ್ಬ ವೈರಿಯೂ ಇಲ್ಲ, ಖಾಲಿ ಕೋಣೆಗಳ ಭಯವೇ ಸಾಕು ಎಂದು ನಂಬಿದ ಧೈರ್ಯ ಅದು. ಆದರೆ ಅದೇ ಕಾಲದ ಉಳಿದ ಫಸಲನ್ನೂ ನೋಡಬೇಕು. ಇಂಟರ್ನೆಟ್‌ನಲ್ಲಿ ಸಿಕ್ಕ ವ್ಯಾಡ್‌ಗಳನ್ನು ಸಿಡಿಗೆ ತುಂಬಿ ಮಾರುವ ವ್ಯಾಪಾರವೇ ಶುರುವಾಗಿತ್ತು. ಡಿ!ಜೋನ್ ಎಂಬ ಸಿಡಿಯಲ್ಲಿ ನೂರಾರು ಮ್ಯಾಪ್‌ಗಳಿದ್ದವು, ಅದು ಅಂಗಡಿಗಳಲ್ಲಿ ಚೆನ್ನಾಗಿ ಖರ್ಚಾಯಿತು. 1995ರಲ್ಲಿ ಇಡ್ ಸಾಫ್ಟ್‌ವೇರ್ ತನ್ನ ಮಾಸ್ಟರ್ ಲೆವೆಲ್ಸ್ ಎಂಬ ಮ್ಯಾಪ್ ಸಂಗ್ರಹದ ಜೊತೆ ಮ್ಯಾಕ್ಸಿಮಮ್ ಡೂಮ್ ಎಂದು ಸಾವಿರಕ್ಕೂ ಹೆಚ್ಚು ವ್ಯಾಡ್‌ಗಳನ್ನು ಸೇರಿಸಿ ಕೊಟ್ಟಿತು. ಅವುಗಳಲ್ಲಿ ಬಹುಪಾಲು ಚೌಕಾಕಾರದ ಕೋಣೆಗಳು, ಹೊಂದದ ಗೋಡೆಚಿತ್ರಗಳು, ಮಂದೆಯಂತೆ ನಿಂತ ರಕ್ಕಸರು. ಸಾಧನ ಕಷ್ಟದ್ದಾಗಿದ್ದರೂ ಕಳಪೆ ಕೆಲಸಕ್ಕೆ ಅಡ್ಡಿಯಾಗಲಿಲ್ಲ. ಕಷ್ಟ ಮಾಡಿದ್ದು ಬೇರೆಯೇ ಕೆಲಸ, ಜರಡಿ ಹಿಡಿದದ್ದು. ಆಗ ಮನೆಯಲ್ಲಿ ಕಂಪ್ಯೂಟರ್, ವಿಶ್ವವಿದ್ಯಾಲಯದ ಮೂಲಕ ಇಂಟರ್ನೆಟ್, ಸ್ವಲ್ಪ ಪ್ರೋಗ್ರಾಮಿಂಗ್ ಇದ್ದವರು ಒಳಗೆ ಬಂದರು, ಇಲ್ಲದವರು ಹೊರಗೆ ಉಳಿದರು. ಆ ಬಳಗದಲ್ಲಿ ಕಂಡ ತಾಂತ್ರಿಕ ಜಾಣ್ಮೆಯ ದೊಡ್ಡ ಪಾಲು ಅಲ್ಲಿ ಕಲಿತದ್ದಲ್ಲ, ಹೊರಗಿನಿಂದ ತಂದದ್ದು. ಬಾಗಿಲು ಅಗಲವಾದ ಮೇಲೆ ಸರಾಸರಿ ಇಳಿದಿರಬಹುದು. ಸರಾಸರಿ ಇಳಿಯುವುದು ಬೇರೆ, ಬಳಗದ ಒಟ್ಟು ತಿಳಿವಳಿಕೆ ಇಳಿಯುವುದು ಬೇರೆ. ದೂರು ಹೇಳುವವರು ಮೊದಲನೆಯದನ್ನು ಕಂಡು ಎರಡನೆಯದನ್ನು ತೀರ್ಮಾನಿಸುತ್ತಾರೆ.

ಕೊರತೆಯೇ ಕಲಿಸಿದ ಪಾಠಗಳೂ ಇದ್ದವು, ಅವನ್ನು ಒಪ್ಪಿಕೊಳ್ಳಲೇಬೇಕು. ಡಿಹ್ಯಾಕ್‌ಎಡ್ ಎಂಬ ಸಾಧನ ಆಟದ ಪ್ರೋಗ್ರಾಂ ಕಡತಕ್ಕೇ ಕೈಹಾಕಿ ರಕ್ಕಸರ, ಆಯುಧಗಳ ನಡವಳಿಕೆ ಬದಲಿಸಲು ದಾರಿ ಮಾಡಿತು. ಡೂಮ್‌ನಲ್ಲಿ ಎಲ್ಲ ಚಲನವಲನವೂ 967 ಸ್ಥಿತಿಗಳ ಒಂದು ಪಟ್ಟಿಯಲ್ಲಿದೆ: ಯಾವ ಚಿತ್ರ, ಎಷ್ಟು ಹೊತ್ತು, ಆಮೇಲೆ ಯಾವ ಸ್ಥಿತಿ, ಆಗ ಯಾವ ಕ್ರಿಯೆ. ಡಿಹ್ಯಾಕ್‌ಎಡ್‌ನಲ್ಲಿ ಈ ಪಟ್ಟಿಗೆ ಒಂದು ಸಾಲೂ ಸೇರಿಸುವಂತಿರಲಿಲ್ಲ, ಇದ್ದುದನ್ನೇ ಮರುಬಳಸಬೇಕಿತ್ತು. ಹೊಸ ರಕ್ಕಸ ಬೇಕೆಂದರೆ ಹಳೆಯ ರಕ್ಕಸನೊಬ್ಬನನ್ನು ಬಲಿಕೊಡಬೇಕು, ಉರಿಯುವ ಪಂಜಿನ ಎರಡು ಸ್ಥಿತಿಗಳನ್ನು ಕದ್ದು ಆಯುಧದ ಚಲನೆಗೆ ಕೊಡಬೇಕು. ಇಂಥ ಜಿಪುಣತನದ ಲೆಕ್ಕಾಚಾರದಿಂದ ಎಂಜಿನ್‌ನ ಅಂತರಂಗ ಕೈಗೆ ಹತ್ತುತ್ತಿತ್ತು. ಮ್ಯಾಪಿನಲ್ಲೂ ಹೀಗೆಯೇ. ಒಂದು ಜಾಗದ ಸುತ್ತಲ ಗೆರೆಗಳ ಎರಡೂ ಬದಿಗಳನ್ನು ಒಂದೇ ಸೆಕ್ಟರ್‌ಗೆ ಕೊಟ್ಟುಬಿಟ್ಟರೆ ಎಂಜಿನ್ ಆ ಜಾಗವನ್ನು ಬೇರೆಯಾಗಿ ಬಿಡಿಸುವುದಿಲ್ಲ, ಸುತ್ತಲಿನ ನೆಲವೇ ಹರಡಿದಂತೆ ಕಾಣುತ್ತದೆ. ಕಾಲಿಟ್ಟವನು ಮಾತ್ರ ನಿಜವಾದ ಎತ್ತರದಲ್ಲಿ ನಿಲ್ಲುತ್ತಾನೆ. ಆಳವಾದ ನೀರು, ಕಣ್ಣಿಗೆ ಕಾಣದ ಸೇತುವೆ, ಎರಡನ್ನೂ ಈ ಉಪಾಯದಿಂದ ಮಾಡಿದರು. ಎಂಜಿನ್ ಬರೆದವರು ಕೊಟ್ಟ ಸೌಲಭ್ಯ ಇದಲ್ಲ. ಇಕ್ಕಟ್ಟಿನಲ್ಲಿ ಸಿಕ್ಕವರು ಕಂಡುಕೊಂಡದ್ದು.

1997ರ ಡಿಸೆಂಬರ್‌ನಲ್ಲಿ ಇಡ್ ಸಾಫ್ಟ್‌ವೇರ್ ಡೂಮ್‌ನ ಮೂಲಸಂಕೇತವನ್ನೇ ಬಿಡುಗಡೆ ಮಾಡಿತು, 1999ರಲ್ಲಿ ಅದನ್ನು ಯಾರು ಬೇಕಾದರೂ ತಿದ್ದಿ ಹಂಚಬಹುದಾದ ಜಿಪಿಎಲ್ ಪರವಾನಗಿಗೆ ಒಳಪಡಿಸಿತು. ಅಲ್ಲಿಂದ ಮುಂದೆ ಇಕ್ಕಟ್ಟುಗಳು ಒಂದೊಂದಾಗಿ ಕಳಚಿದವು. ಆ ಸಂಕೇತದಿಂದ ಬಳಗದವರು ಕಟ್ಟಿದ 1998ರ ಬೂಮ್, ಝಡ್‌ಡೂಮ್ ಎಂಜಿನ್‌ಗಳು ಹಳೆಯ ಮಿತಿಗಳನ್ನು ತೆಗೆದುಹಾಕಿದವು, ಮುಂದೆ ಸೇತುವೆ-ನೀರುಗಳನ್ನು ನೇರವಾಗಿಯೇ ಕಟ್ಟುವ ಸೌಲಭ್ಯ ಬಂತು. ಆಮೇಲೆ ಬಂದ ಡೂಮ್ ಬಿಲ್ಡರ್, 2009ರ ಡೂಮ್ ಬಿಲ್ಡರ್ 2 ಮ್ಯಾಪ್ ಕಟ್ಟುವುದನ್ನು ನಿಜಕ್ಕೂ ಸಲೀಸು ಮಾಡಿದವು. ಗೆರೆ ಎಳೆದು ಆವರಣ ಮುಚ್ಚಿದರೆ ಸೆಕ್ಟರ್ ತಾನಾಗಿ ಆಗುತ್ತದೆ, ಒಂದು ಕೀಲಿ ಒತ್ತಿದರೆ ಮ್ಯಾಪಿನ ಒಳಗೇ ನಡೆದಾಡುತ್ತ ಗೋಡೆಚಿತ್ರ ಬದಲಿಸಬಹುದು, ನೋಡ್ ಲೆಕ್ಕ ತೆರೆಮರೆಯಲ್ಲಿ ಮುಗಿದಿರುತ್ತದೆ. ದೂರು ನಿಜವಾಗಿದ್ದರೆ ಈ ಹೊತ್ತಿಗೆ ಇಳಿಗಾಲ ಶುರುವಾಗಬೇಕಿತ್ತು.

ಆದದ್ದು ಬೇರೆ. ಮೂಲ ಡೂಮ್ ಎಂಜಿನ್ ಒಂದು ದೃಶ್ಯದಲ್ಲಿ ವಿಸ್‌ಪ್ಲೇನ್ ಎನ್ನುವ ನೆಲ-ಚಾವಣಿಯ ಹಾಸುಗಳನ್ನು 128ರವರೆಗೆ ಮಾತ್ರ ತಾಳುತ್ತದೆ. ಮೀರಿದರೆ ಆಟ ಅಲ್ಲೇ ನಿಂತು ಡಾಸ್‌ಗೆ ಎಸೆಯುತ್ತದೆ. ಹೊಸ ಎಂಜಿನ್‌ಗಳಲ್ಲಿ ಈ ಮಿತಿ ಇಲ್ಲ. ಆದರೂ ಮೂಲ ಎಂಜಿನ್‌ನಲ್ಲೇ ಓಡಬೇಕು ಎಂದು ತಾವಾಗಿ ವ್ರತ ಹಿಡಿದು ಮ್ಯಾಪ್ ಕಟ್ಟುವವರ ಪರಂಪರೆ ಉಳಿಯಿತು, ಬೆಳೆಯಿತು. ಅವರಿಗಾಗಿ ಡೂಮ್ ಬಿಲ್ಡರ್ 2ಕ್ಕೆ ವಿಸ್‌ಪ್ಲೇನ್ ಎಕ್ಸ್‌ಪ್ಲೋರರ್ ಎಂಬ ಸೇರ್ಪಡೆ ಬಂತು. ಅದು ಡೂಮ್‌ನ ದೃಶ್ಯ ಬಿಡಿಸುವ ಸಂಕೇತವನ್ನೇ ಒಳಗಿಟ್ಟುಕೊಂಡು, ಮ್ಯಾಪಿನ ಪ್ರತಿ ಜಾಗದಲ್ಲಿ ನಿಂತರೆ ಎಣಿಕೆ ಎಷ್ಟಾಗುತ್ತದೆ ಎಂದು ಬಣ್ಣದಲ್ಲಿ ತೋರಿಸುತ್ತದೆ. ಮೊದಲು ಇದನ್ನು ತಿಳಿಯಲು ಮೂಲೆ ಮೂಲೆಗೂ ನಡೆದು ಎಲ್ಲಿ ಕುಸಿಯುತ್ತದೆಂದು ಕಾಯಬೇಕಿತ್ತು. ಈಗ ಕಿಟಕಿಯನ್ನು ತುಸು ಕಿರಿದು ಮಾಡಿ, ನಡುವೆ ಕಂಬ ನಿಲ್ಲಿಸಿ, ಕೆಂಪು ಬಣ್ಣ ತಿಳಿಯಾಗುವುದನ್ನು ಕಣ್ಣಾರೆ ನೋಡಬಹುದು. ಕೋಣೆಯ ಆಕಾರಕ್ಕೂ ಎಂಜಿನ್‌ನ ಹೊರೆಗೂ ಇರುವ ನಂಟು ಇದರಿಂದ ಇನ್ನಷ್ಟು ಸ್ಪಷ್ಟವಾಗಿ ಮನಸ್ಸಿಗೆ ಇಳಿಯುತ್ತದೆ. ಡಿಹ್ಯಾಕ್‌ಎಡ್ ಕೂಡ ಸಾಯಲಿಲ್ಲ. ಪೂರ್ಣ ಪ್ರೋಗ್ರಾಮಿಂಗ್ ಭಾಷೆಯನ್ನೇ ಕೊಡುವ ಎಂಜಿನ್ ಕೈಯಲ್ಲಿದ್ದಾಗಲೂ ಬಳಗದವರು ಆ 1994ರ ಪದ್ಧತಿಯನ್ನು ವಿಸ್ತರಿಸಿ 2021ರಲ್ಲಿ ಎಂಬಿಎಫ್21 ಎಂಬ ಹೊಸ ಮಾನದಂಡ ರೂಪಿಸಿದರು. ಒಡಲು ಮರೆತವರು ಮಾಡುವ ಕೆಲಸ ಇದಲ್ಲ. ಮೂಲ ಆಟದ ವಿನ್ಯಾಸಕಾರ ಜಾನ್ ರೊಮೆರೊ ಎರಡು ದಶಕಗಳ ನಂತರ 2016ರಲ್ಲಿ ಮತ್ತೆ ಡೂಮ್ ಮ್ಯಾಪ್ ಕಟ್ಟಿದಾಗ, 2019ರಲ್ಲಿ ಸಿಗಿಲ್ ಎಂಬ ಇಡೀ ಕಂತನ್ನು ತಂದಾಗ, ಬಳಸಿದ್ದು ಆಟಗಾರರು ಬರೆದ ಡೂಮ್ ಬಿಲ್ಡರ್ 2 ಅನ್ನು. ಸ್ವತಃ ಡೂಮ್‌ಎಡ್ ಬರೆದಿದ್ದವರು ಅವರು. ಸಲೀಸಾದ ಸಾಧನ ಹಿಡಿದದ್ದರಿಂದ ಅವರ ಕೈ ಕುಗ್ಗಿತೆಂದು ಆ ಮ್ಯಾಪ್‌ಗಳನ್ನು ಆಡಿದ ಯಾರೂ ಹೇಳಲಾರರು.

ಇಲ್ಲಿ ಒಂದು ಬಲವಾದ ಆಕ್ಷೇಪವಿದೆ. ವಿಸ್‌ಪ್ಲೇನ್ ಎಕ್ಸ್‌ಪ್ಲೋರರ್ ಬರೆದವರಿಗೆ ಎಂಜಿನ್ ಗೊತ್ತು, ಸರಿ. ಬಳಸುವ ಸಾವಿರ ಜನರಿಗೆ ಗೊತ್ತೇ? ಬಲ್ಲ ನಾಲ್ಕು ಮಂದಿ ಕೈಬಿಟ್ಟರೆ ಉಳಿದವರ ಗತಿ ಏನು? ನಾಲ್ಕು ಮಂದಿ ಬಲ್ಲವರು, ಉಳಿದವರು ಬಳಸುವವರು ಎಂಬ ಸ್ಥಿತಿ 1994ರಲ್ಲೂ ಇತ್ತು. ನೋಡ್ ಲೆಕ್ಕವನ್ನು ಪ್ರತಿಯೊಬ್ಬರೂ ತಾವೇ ಬಿಡಿಸಲಿಲ್ಲ, ಮ್ಯಾಟ್ ಫೆಲ್ ಅವರ ಕೈಪಿಡಿ ಓದಿದವರೂ ಎಲ್ಲರಲ್ಲ. ಕೇಳಬೇಕಾದ ಪ್ರಶ್ನೆ, ಬಲ್ಲವರು ಹೋದಾಗ ಆ ಜಾಗಕ್ಕೆ ಹೊಸಬರು ಬಂದರೇ ಎಂಬುದು. ಡೂಮ್‌ನಲ್ಲಿ ಬಂದಿದ್ದಾರೆ, ಅದೂ ಮತ್ತೆ ಮತ್ತೆ. ಡಿಇಯು ಬರೆದವರು ಕೆಲಸ ನಿಲ್ಲಿಸಿದರು. ಅದರ ಮೂಲಸಂಕೇತದಿಂದ ಯಾಡೆಕ್ಸ್ ಹುಟ್ಟಿತು, ಯಾಡೆಕ್ಸ್‌ನಿಂದ ಯುರೇಕಾ. ಡೂಮ್ ಬಿಲ್ಡರ್ 2 ಬರೆದವರು ಬಿಟ್ಟಾಗ ಇನ್ನೊಬ್ಬರು ಜಿಝಡ್‌ಡೂಮ್ ಬಿಲ್ಡರ್ ಎಂದು ಮುಂದುವರಿಸಿದರು, ಅವರು ಬಿಟ್ಟಾಗ ಮತ್ತೊಬ್ಬರು, ಈಗ ಅಲ್ಟಿಮೇಟ್ ಡೂಮ್ ಬಿಲ್ಡರ್. ಸಂಕೇತ ಬಯಲಲ್ಲಿ ಇದ್ದುದರಿಂದ ಸರಪಳಿ ಕಡಿಯಲಿಲ್ಲ. ಸಂಕೇತದಷ್ಟೇ ಕೆಲಸ ಮಾಡಿದ್ದು ಒಂದು ರೂಢಿ: ವ್ಯಾಡ್‌ಗಳನ್ನು ಕೂಡಿಡುವ ಐಡಿಗೇಮ್ಸ್ ಭಂಡಾರಕ್ಕೆ ಮ್ಯಾಪ್ ಕಳಿಸುವವರು ಜೊತೆಗೊಂದು ಪಠ್ಯಕಡತ ಇಡಬೇಕು. ಅದರಲ್ಲಿ ಯಾವ ಎಡಿಟರ್ ಬಳಸಿದ್ದು, ಎಷ್ಟು ಸಮಯ ಹಿಡಿಯಿತು, ತಿಳಿದಿರುವ ದೋಷಗಳೇನು, ಮೊದಲಿನಿಂದ ಕಟ್ಟಿದ್ದೇ ಅಥವಾ ಯಾರದಾದರೂ ಮ್ಯಾಪಿನ ಮೇಲೆಯೇ, ಇತರರು ಇದನ್ನು ಬುನಾದಿಯಾಗಿ ಬಳಸಬಹುದೇ ಕೂಡದೇ ಎಂದು ಬರೆಯುವ ಸಾಲುಗಳಿವೆ. ತೊಂಬತ್ತರ ದಶಕದಲ್ಲಿ ರೂಪುಗೊಂಡ ಈ ಮಾದರಿ ಇಂದಿಗೂ ಬಳಕೆಯಲ್ಲಿದೆ. ತನ್ನ ದೋಷವನ್ನು ತಾನೇ ಬರೆದು ಕೊಡುವ ಈ ಪದ್ಧತಿ ನನಗೆ ಯಾವ ಎಡಿಟರ್‌ಗಿಂತಲೂ ದೊಡ್ಡದಾಗಿ ಕಾಣುತ್ತದೆ.

ಡೂಮ್ ಅಪವಾದ, ಉಳಿದ ಆಟಗಳಿಗೆ ಇಂಥ ಭಾಗ್ಯವಿಲ್ಲ ಎನ್ನಬಹುದು. ಅದು ನಿಜ, ಅಪವಾದದ ಕಾರಣವನ್ನೂ ಅಲ್ಲೇ ನೋಡಬೇಕು. ಸ್ಕೈರಿಮ್ ಆಟ 2011ರ ನವೆಂಬರ್‌ನಲ್ಲಿ ಬಂತು, ಅದರ ಕ್ರಿಯೇಷನ್ ಕಿಟ್ ಅನ್ನು ಬೆಥೆಸ್ಡಾ ಕಂಪನಿ 2012ರ ಫೆಬ್ರವರಿಯಲ್ಲಿ ಪುಕ್ಕಟೆಯಾಗಿ ಕೊಟ್ಟಿತು. ಅಧಿಕೃತ ಸಾಧನ, ಬಳಸಲು ಡಿಇಯುಗಿಂತ ಎಷ್ಟೋ ಸಲೀಸು. ಆದರೆ ಮಾಡರ್ ಮುಟ್ಟಲು ಬಯಸದ ದಾಖಲೆಗಳನ್ನೂ ಅದು ಸದ್ದಿಲ್ಲದೆ ಕಡತಕ್ಕೆ ಸೇರಿಸುತ್ತಿತ್ತು. ಬೇರೆ ಮಾಡ್ ಜೊತೆ ಸೇರಿದಾಗ ಆಟ ಕುಸಿಯುತ್ತಿತ್ತು. ಕಂಪನಿಯ ಸ್ವಂತ ವಿಸ್ತರಣೆಗಳ ಕಡತಗಳಲ್ಲೂ ಇಂಥ ಕಸ ಇತ್ತು. ಇದನ್ನು ಕಂಡುಹಿಡಿದು ತೊಳೆಯುವುದು ಸಾಧ್ಯವಾದದ್ದು ಎಕ್ಸ್‌ಎಡಿಟ್‌ನಿಂದ. ಒಂದು ದಾಖಲೆಯನ್ನು ಯಾವ ಯಾವ ಮಾಡ್ ಹೇಗೆ ಬದಲಿಸಿದೆ ಎಂದು ಸಾಲುಸಾಲಾಗಿ, ಬಣ್ಣ ಕೊಟ್ಟು ಪಕ್ಕಪಕ್ಕದಲ್ಲಿ ತೋರಿಸುವ, ಬಳಗದವರೇ ಬರೆದ, ಸಂಕೇತ ತೆರೆದಿಟ್ಟ ಸಾಧನ ಅದು. ಎರಡೂ ಕೆಲಸ ಹಗುರ ಮಾಡುವ ಸಾಧನಗಳೇ. ಒಂದು ಒಳಗನ್ನು ಮರೆಮಾಡಿತು, ಇನ್ನೊಂದು ತೋರಿಸಿತು. ಮುಂದೆ 2021ರ ನವೆಂಬರ್ 11ರಂದು ಕಂಪನಿ ಹತ್ತನೇ ವರ್ಷದ ಆವೃತ್ತಿ ಬಿಟ್ಟಾಗ ಆಟದ ಪ್ರೋಗ್ರಾಂ ಬೇರೆ ಕಂಪೈಲರ್‌ನಿಂದ ಹೊಸದಾಗಿ ತಯಾರಾಗಿತ್ತು, ಬಳಗದವರೇ ಬರೆದ ಸ್ಕ್ರಿಪ್ಟ್ ಎಕ್ಸ್‌ಟೆಂಡರ್ ಎಂಬ ಸಾಧನವನ್ನು ಆಧರಿಸಿದ ಪ್ಲಗಿನ್‌ಗಳು ಸಾಲಾಗಿ ಮುರಿದುಬಿದ್ದವು. ಸಂಕೇತ ಪ್ರಕಟಿಸಿದ್ದ ಪ್ಲಗಿನ್‌ಗಳನ್ನು, ಬರೆದವರು ಇಲ್ಲದಿದ್ದರೂ, ಬೇರೆಯವರು ತಿದ್ದಿ ಹೊಸದಾಗಿ ಕಟ್ಟಿದರು. ಸಂಕೇತ ಮುಚ್ಚಿಟ್ಟು ಹೊರಟುಹೋದವರ ಕೆಲಸವನ್ನು ಹಾಗೆ ಉಳಿಸುವ ದಾರಿ ಇರಲಿಲ್ಲ. ನೂರಾರು ಮಾಡ್‌ಗಳನ್ನು ಒಂದೇ ಸಲಕ್ಕೆ ಜೋಡಿಸಿಕೊಡುವ ವಬ್ಬಾಜ್ಯಾಕ್‌ನಂಥ ಸೌಕರ್ಯಗಳ ಬಗ್ಗೆಯೂ ಕಸುಬು ಕೆಡಿಸಿದವೆಂಬ ಆಪಾದನೆ ಇದೆ. ಅವು ಆಡುವವನ ಕೆಲಸ ಇಳಿಸುತ್ತವೆ. ಜೋಡಣೆಯ ಪಟ್ಟಿ ಮಾಡುವವನು ಆ ನೂರಾರು ಮಾಡ್‌ಗಳ ತಿಕ್ಕಾಟವನ್ನು ಬಿಡಿಸಿಯೇ ತೀರಬೇಕು.

ಸೌಕರ್ಯದ ಕಡೆಯ ಹಂತವನ್ನೂ ಡೂಮ್ ಕಂಡಿದೆ. ತೊಂಬತ್ತರ ದಶಕದ ಸ್ಲಿಜ್, ಆಮೇಲಿನ ಒಬ್ಲಿಜ್ ಎಂಬ ಪ್ರೋಗ್ರಾಂಗಳು ಮನುಷ್ಯನ ಕೈ ಇಲ್ಲದೆ ಇಡೀ ಮ್ಯಾಪ್ ತಯಾರಿಸಿಕೊಡುತ್ತವೆ. ಇಂಥವು ಕಾಲು ಶತಮಾನದಿಂದ ಇವೆ, ಒಬ್ಲಿಜ್‌ನ ಸಂಕೇತ ಮುಂದುವರಿಸಿದವರೂ ಇದ್ದಾರೆ. ಸಮಯ ಕಳೆಯಲು ಜನ ಅವನ್ನು ಬಳಸುತ್ತಾರೆ. ಮ್ಯಾಪ್ ಕಟ್ಟುವುದನ್ನು ಯಾರೂ ಅದರಿಂದಾಗಿ ನಿಲ್ಲಿಸಲಿಲ್ಲ, ಏಕೆಂದರೆ ಕಟ್ಟುವವನಿಗೆ ಬೇಕಾದದ್ದು ಮ್ಯಾಪ್ ಮಾತ್ರವಲ್ಲ, ಕಟ್ಟುವ ಕೆಲಸವೂ ಹೌದು.

ಕಳೆದುಹೋದದ್ದು ಏನೂ ಇಲ್ಲ ಎಂದು ನಾನು ವಾದಿಸುವುದಿಲ್ಲ. ಮೊದಲು ಎಂಜಿನ್‌ನ ಗುಟ್ಟನ್ನು ಅನೇಕರು ಅನಿವಾರ್ಯವಾಗಿ ಎಡವಿ ಕಲಿಯುತ್ತಿದ್ದರು, ಈಗ ಬೇಕೆಂದವರು ಮಾತ್ರ ಹುಡುಕಿ ಕಲಿಯುತ್ತಾರೆ. ಹುಡುಕಲು ಹೊರಟವನಿಗೆ ಬರಹ ಸಿಗಬೇಕು, ತೆರೆದ ಸಂಕೇತ ಸಿಗಬೇಕು. ಅನಿವಾರ್ಯತೆ ತಾನಾಗಿ ಮಾಡುತ್ತಿದ್ದ ಕೆಲಸವನ್ನು ಈಗ ಬಲ್ಲವರು ಬರೆದು ಮಾಡಬೇಕಾಗಿದೆ. ಸಾಧನ ಸಲೀಸಾದ ಬಳಗದಲ್ಲಿ ಬಲ್ಲವರ ಹೊಣೆ ಹೆಚ್ಚುತ್ತದೆ.

ಈ ಮಾತು ನಮ್ಮವರಿಗೂ ಸಲ್ಲುತ್ತದೆ. ಇಂಡೋನೇಷ್ಯಾದ ಮಾಲಿಯೋ ಸಂಸ್ಥೆ 2017ರಲ್ಲಿ ತಂದ ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ ಎಂಬ ಮೊಬೈಲ್ ಆಟದಲ್ಲಿ ಕೆಎಸ್‌ಆರ್‌ಟಿಸಿಯ ಕೆಂಪು ಬಸ್ಸು, ಐರಾವತಗಳು ಓಡುವುದನ್ನು ಕಂಡಿರುತ್ತೀರಿ. ಬಸ್ಸಿನ ಮೈಬಣ್ಣ ಎಂದರೆ ಒಂದು ಚಿತ್ರ ಅಷ್ಟೆ. ಮೊಬೈಲಿನಲ್ಲೇ ಬಿಡಿಸಿ ಹೊದಿಸಬಹುದು. ಇಷ್ಟು ಸುಲಭದ ಕೆಲಸ ಕಸುಬೇ ಅಲ್ಲ ಎನ್ನುವವರ ಮಾತಿಗೆ ಕಿವಿಗೊಡಬೇಡಿ, ಒಳಬರುವ ಬಾಗಿಲು ಅದು. ಆದರೆ ಅಲ್ಲಿಂದ ಬ್ಲೆಂಡರ್ ಎಂಬ 3ಡಿ ಸಾಧನ ಕಲಿತು ಬಸ್ಸಿನ ಮೈಯನ್ನೇ ಕಡೆಯುವ ಹಂತಕ್ಕೆ ಬಂದಿದ್ದರೆ, ಮಾಡ್ ಜೊತೆಗೆ ಒಂದು ಪುಟ ಕನ್ನಡದಲ್ಲಿ ಬರೆದಿಡಿ: ಯಾವ ಸಾಧನ ಬಳಸಿದಿರಿ, ಎಲ್ಲಿ ಸಿಕ್ಕಿಬಿದ್ದಿರಿ, ಯಾವ ದೋಷ ಇನ್ನೂ ಉಳಿದಿದೆ, ಇದನ್ನು ಬೇರೆಯವರು ತಿದ್ದಬಹುದೇ. ಮಾದರಿಯ ಮೂಲಕಡತವನ್ನೂ ಜೊತೆಗೆ ಕೊಡಿ.